ಗೇರ್ ಬೀಳಲು ಎರಡು ಕ್ಷಣ ತಡವಾದರೆ ಸುಮ್ಮನಿರಬೇಡಿ

ಬೆಳಿಗ್ಗೆ ಎಂಜಿನ್ ಚಾಲೂ ಮಾಡಿ ಲಿವರನ್ನು ಪಿ (ಪಾರ್ಕ್) ಯಿಂದ ಆರ್‌ಗೆ (ರಿವರ್ಸ್) ತಂದರೆ ನನ್ನ ಆಟೊಮ್ಯಾಟಿಕ್ ಕಾರು ಕದಲುತ್ತಿರಲಿಲ್ಲ. ಮನಸ್ಸಿನಲ್ಲೇ ಒಂದು, ಎರಡು ಎಂದು ಎಣಿಸುವಷ್ಟರಲ್ಲಿ ದಡ್ ಎಂದು ಗೇರ್ ಬಿದ್ದು ಹಿಂದಕ್ಕೆ ಜಗ್ಗುತ್ತಿತ್ತು. ಸ್ವಲ್ಪ ದೂರ ಓಡಿ ಬಿಸಿಯಾದ ಮೇಲೆ ಯಾವ ತಕರಾರೂ ಇಲ್ಲ. ಚಳಿಗೆ ಹೀಗಾಗುತ್ತದೆ ಎಂದುಕೊಂಡು ಐದು ತಿಂಗಳು ಓಡಿಸಿದೆ. ಅದಕ್ಕೆ ತೆತ್ತ ದಂಡ ಇಡೀ ಗೇರ್‌ಬಾಕ್ಸ್.

ಮಧ್ಯೆ ಸರ್ವಿಸ್‌ಗೆ ಬಿಟ್ಟಾಗ ಕೇಳಿದ್ದೆ. "ಇದರ ಗೇರ್ ಆಯಿಲ್ ಜೀವಮಾನಕ್ಕೆ ಸಾಕು ಸಾರ್, ಮುಟ್ಟುವುದೇ ಬೇಡ" ಎಂದರು. ಯಾರ ಜೀವಮಾನಕ್ಕೆ ಎಂದು ಅಲ್ಲೇ ಕೇಳಬೇಕಿತ್ತು. ಕಾರು 90,000 ಕಿಲೋಮೀಟರ್ ದಾಟಿತ್ತು. ಎಂಜಿನ್ ಆಯಿಲ್ ತಪ್ಪದೆ ಬದಲಾಗುತ್ತಿತ್ತು. ಗೇರ್‌ಬಾಕ್ಸಿನ ಡಿಪ್‌ಸ್ಟಿಕ್ಕನ್ನು, ಅಂದರೆ ಆಯಿಲ್ ಮಟ್ಟ ನೋಡುವ ಕಡ್ಡಿಯನ್ನು ಮಾತ್ರ ನಾನೂ ಸೇರಿ ಯಾರೊಬ್ಬರೂ ಎಳೆದು ನೋಡಿರಲಿಲ್ಲ.

ಕೈಕೊಟ್ಟದ್ದು ಒಂದು ಏರಿನಲ್ಲಿ. ಆಕ್ಸಿಲರೇಟರ್ ಒತ್ತಿದರೆ ಆರ್‌ಪಿಎಂ ಮುಳ್ಳು 4,000ಕ್ಕೆ ನೆಗೆಯಿತು, ವೇಗ 40ರಿಂದ ಮೇಲೇರಲಿಲ್ಲ. ಎಂಜಿನ್ ಕಿರುಚುತ್ತಿದೆ, ಚಕ್ರಕ್ಕೆ ಸುದ್ದಿಯೇ ಇಲ್ಲ. ಎಚ್ಚರಿಕೆಯ ದೀಪ ಹೊತ್ತಿಕೊಂಡದ್ದು ಆಮೇಲೆ. ಪಕ್ಕಕ್ಕೆ ನಿಲ್ಲಿಸಿ ಡಿಪ್‌ಸ್ಟಿಕ್ ಎಳೆದು ಬಿಳಿ ಬಟ್ಟೆಗೆ ಒರೆಸಿದೆ. ತಿಳಿಗೆಂಪಾಗಿ ಇರಬೇಕಾದ ಆಯಿಲ್ ಕಪ್ಪಾಗಿತ್ತು, ಕಡ್ಡಿಯ ತುದಿಗಷ್ಟೇ ಅಂಟಿತ್ತು, ಸುಟ್ಟ ವಾಸನೆ ಮೂಗಿಗೆ ಅಡರಿತು.

ಹಗ್ಗ ಕಟ್ಟಿ ಎಳೆಸಿಕೊಂಡು ಹೋಗುವ ಯೋಚನೆಯಲ್ಲಿದ್ದೆ. ಸಹಾಯಕ್ಕೆ ಬಂದ ಚಾಲಕರೊಬ್ಬರು ತಡೆದರು. ಎಂಜಿನ್ ಆರಿದ್ದರೆ ಗೇರ್‌ಬಾಕ್ಸಿನ ಪಂಪ್ ತಿರುಗುವುದಿಲ್ಲ. ಎಂಜಿನ್ ಶಕ್ತಿ ಪಡೆಯುವ ಚಕ್ರಗಳು ನೆಲದ ಮೇಲೆ ಉರುಳಿದರೆ ಒಳಗಿನ ಭಾಗಗಳು ಆಯಿಲ್ ಇಲ್ಲದೆ ತಿರುಗುತ್ತವೆ. ಕಾರನ್ನು ಪೂರ್ತಿ ಎತ್ತಿ ಸಾಗಿಸುವ ಗಾಡಿಗಾಗಿ ಕಾದದ್ದು ಆ ದಿನ ನಾನು ಮಾಡಿದ ಒಂದೇ ಒಳ್ಳೆಯ ಕೆಲಸ.

ಬಿಚ್ಚಿದಾಗ ಕಥೆ ಸರಳವಾಗಿತ್ತು. ಚಕ್ರದ ಆಕ್ಸಲ್ ಗೇರ್‌ಬಾಕ್ಸಿಗೆ ಸೇರುವಲ್ಲಿ ಆಯಿಲ್ ತಡೆಯುವ ಸೀಲ್‌ನಿಂದ ತಿಂಗಳುಗಟ್ಟಲೆ ಹನಿಹನಿಯಾಗಿ ಸೋರಿದೆ. ಆಯಿಲ್ ಕಡಿಮೆಯಾದಾಗ ಪಂಪ್ ಗಾಳಿಯನ್ನೂ ಹೀರುತ್ತದೆ, ಒತ್ತಡ ಸಾಲದೆ ಒಳಗೆ ಗೇರ್ ಹಿಡಿಯುವ ಕ್ಲಚ್ ಪ್ಲೇಟುಗಳು ಜಾರುತ್ತವೆ, ಜಾರಿದರೆ ಸುಡುತ್ತವೆ. ನಾನು ಎಣಿಸುತ್ತಿದ್ದ ಒಂದು, ಎರಡು ಎಂಬುದು ಒತ್ತಡ ಏರಲು ಹಿಡಿಯುತ್ತಿದ್ದ ಹೊತ್ತು. ಪ್ಯಾನಿನ, ಅಂದರೆ ಗೇರ್‌ಬಾಕ್ಸಿನ ತಳದ ಆಯಿಲ್ ತಟ್ಟೆಯ ಅಯಸ್ಕಾಂತದ ಮೇಲೆ ಬೂದುಬಣ್ಣದ ನುಣ್ಣನೆಯ ಕೆಸರಿದ್ದರೆ ಅದು ಸಹಜ ಸವೆತ. ನನ್ನದರಲ್ಲಿ ಉಗುರಿಗೆ ಸಿಗುವಂಥ ಲೋಹದ ಚೂರುಗಳಿದ್ದವು.

ಕಾರಿನ ಕಂಪ್ಯೂಟರಿಗೆ ಜೋಡಿಸಿದ ಸ್ಕ್ಯಾನರ್ ತೋರಿಸಿದ ದೋಷಸಂಕೇತ ಪಿ0700. ಗೇರ್‌ಬಾಕ್ಸಿನ ಕಂಪ್ಯೂಟರಿನಲ್ಲಿ ಏನೋ ದಾಖಲಾಗಿದೆ ಎಂಬುದಷ್ಟೇ ಅದರ ಅರ್ಥ. ಅದೊಂದನ್ನೇ ತೋರಿಸಿ ಗೇರ್‌ಬಾಕ್ಸ್ ಹೋಯಿತು ಎಂದು ಷರಾ ಬರೆಯುವವರನ್ನು ನಂಬಬೇಡಿ, ಉಳಿದ ಸಂಕೇತಗಳನ್ನೂ ಓದಿಸಿ. ನನ್ನದರಲ್ಲಿ ಪಿ0730 ಕೂಡ ಇತ್ತು: ಗೇರಿನ ಅನುಪಾತ ಲೆಕ್ಕಕ್ಕೆ ಸರಿಹೊಂದುತ್ತಿಲ್ಲ, ಅಂದರೆ ಎಲ್ಲೋ ಜಾರುತ್ತಿದೆ. ಇನ್ನೊಂದು ಗ್ಯಾರೇಜಿನವರು "ಎಲ್ಲ ಆಟೊಮ್ಯಾಟಿಕ್‌ಗೂ ಆಗುವ ಆಯಿಲ್ ಇದೆ, ಹಾಕಿದರೆ ಸರಿಹೋಗುತ್ತದೆ" ಎಂದರು. ಸುಟ್ಟ ಪ್ಲೇಟನ್ನು ಯಾವ ಆಯಿಲೂ ಸರಿಮಾಡದು. ಎಲ್ಲದಕ್ಕೂ ಆಗುವ ಆಯಿಲ್ ಎಂಬ ಮಾತೂ ಅಪಾಯದ್ದೇ. ಹಂತಹಂತದ ಗೇರುಗಳ ಬದಲು ಬೆಲ್ಟಿನಂಥದ್ದು ಓಡುವ ಸಿವಿಟಿ ಎಂಬ ಬಗೆಯ ಆಟೊಮ್ಯಾಟಿಕ್‌ಗೆ ಬೇರೆಯದೇ ಆಯಿಲ್ ಬೇಕು. ಕೈಪಿಡಿಯಲ್ಲಿ ಬರೆದದ್ದನ್ನೇ ಹಾಕಿಸಿ.

ಮಟ್ಟ ನೋಡುವ ಕ್ರಮವೂ ಕಾರಿನಿಂದ ಕಾರಿಗೆ ಬೇರೆ. ನನ್ನದರಲ್ಲಿ ಸಮತಟ್ಟಾದ ನೆಲ, ಬಿಸಿಯಾದ ಆಯಿಲ್, ಎಂಜಿನ್ ಓಡುತ್ತಿರಬೇಕು. ಕೆಲವು ಕಾರುಗಳಿಗೆ ಡಿಪ್‌ಸ್ಟಿಕ್ಕೇ ಇರುವುದಿಲ್ಲ. ಗ್ಯಾರೇಜಿನಲ್ಲಿ ಎತ್ತಿ ನೋಡಿಸಬೇಕು.

ಈಗ ರಾತ್ರಿ ಕಾರಿನ ಕೆಳಗೆ ಒಂದು ರಟ್ಟು ಹಾಸುತ್ತೇನೆ. ಮನೆಯವರು ನಗುತ್ತಾರೆ. ಹೋದ ತಿಂಗಳು ಅದರ ಮೇಲೆ ಒಂದು ಕೆಂಪು ಚುಕ್ಕೆ ಕಂಡಿತು. ಅಂದೇ ಕಾರನ್ನು ಒಯ್ದೆ: ಪ್ಯಾನಿನ ಬೋಲ್ಟೊಂದು ಸಡಿಲವಾಗಿತ್ತು.