ಮೂರು ಚೆನ್ನೆಕಾಯಿಗಳ ಫೈನಲ್ ಫೈಟ್: ಕೈಯಲ್ಲಿ ಹಿಡಿದಾಡುವ ಆರ್ಕೇಡ್ ಹೊಡೆದಾಟಗಳು, ಮೂರು ವರ್ಷಗಳ ಬಳಿಕ

ಜಪಾನಿನ ಕ್ಯಾಪ್‌ಕಾಮ್ ಕಂಪನಿ 2018ರ ಸೆಪ್ಟೆಂಬರ್‌ನಲ್ಲಿ ಹೊರತಂದ ‘ಕ್ಯಾಪ್‌ಕಾಮ್ ಬೀಟ್ ಎಮ್ ಅಪ್ ಬಂಡಲ್’ ಸಂಗ್ರಹವನ್ನು ನಾನು ನಿಂಟೆಂಡೊ ಸ್ವಿಚ್‌ನ ಏಳು ಇಂಚಿನ ಓಎಲ್‌ಇಡಿ ಮಾದರಿಯಲ್ಲಿ ಮೂರು ವರ್ಷಗಳಿಂದ ಆಡುತ್ತಿದ್ದೇನೆ. ಕನ್ಸೋಲನ್ನು ದುಬೈಯಲ್ಲಿರುವ ಭಾವ ರಜೆಗೆ ಬರುವಾಗ ತಂದುಕೊಟ್ಟರು; ಸಂಗ್ರಹದ ಬೆಲೆ 20 ಡಾಲರ್. ಫೈನಲ್ ಫೈಟ್, ದಿ ಕಿಂಗ್ ಆಫ್ ಡ್ರ್ಯಾಗನ್ಸ್, ಕ್ಯಾಪ್ಟನ್ ಕಮಾಂಡೊ, ನೈಟ್ಸ್ ಆಫ್ ದಿ ರೌಂಡ್, ವಾರಿಯರ್ಸ್ ಆಫ್ ಫೇಟ್, ಆರ್ಮರ್ಡ್ ವಾರಿಯರ್ಸ್, ಬ್ಯಾಟಲ್ ಸರ್ಕ್ಯೂಟ್ ಎಂಬ ಏಳು ಆಟಗಳು ಇದರಲ್ಲಿವೆ; ಎಲ್ಲವೂ ಒಂದು ಕಾಲಕ್ಕೆ ಅಂಗಡಿಯ ಆರ್ಕೇಡ್ ಪೆಟ್ಟಿಗೆಗಳಲ್ಲಿ ನಾಣ್ಯ ಹಾಕಿ ಆಡುತ್ತಿದ್ದ ಹೊಡೆದಾಟಗಳು. ಕೊನೆಯ ಎರಡು ಅದಕ್ಕೆ ಮೊದಲು ಮನೆಯ ಕನ್ಸೋಲ್‌ಗಳಿಗೆ ಬಂದೇ ಇರಲಿಲ್ಲ. ಆದರೂ ನನ್ನ ಸಮಯದ ಮುಕ್ಕಾಲು ಪಾಲು 1989ರ ಫೈನಲ್ ಫೈಟ್‌ಗೇ ಹೋಗಿದೆ.

ಮಂಗಳೂರಿನಲ್ಲಿ ಬೆಳೆದ ನನ್ನ ವಯಸ್ಸಿನವರು ಈ ಪಟ್ಟಿಯನ್ನು ನೋಡಿದ ಕೂಡಲೇ ಕೇಳುವ ಪ್ರಶ್ನೆ ಒಂದೇ: ಮುಸ್ತಫಾ ಎಲ್ಲಿ? ಹಂಪನಕಟ್ಟೆಯ ಆಸುಪಾಸಿನ ವಿಡಿಯೋ ಗೇಮ್ ಅಂಗಡಿಗಳಲ್ಲಿ ನಾವು ರೂಪಾಯಿ ನಾಣ್ಯ ಹಿಡಿದು ಸರದಿಗೆ ಕಾಯುತ್ತಿದ್ದ, ಹಳದಿ ಟೋಪಿಯ ಮುಸ್ತಫಾನಿಂದಲೇ ಹೆಸರು ಪಡೆದಿದ್ದ ಆ ಆಟ 1993ರ ‘ಕ್ಯಾಡಿಲಾಕ್ಸ್ ಆ್ಯಂಡ್ ಡೈನೋಸಾರ್ಸ್’. ಅದು ಕ್ಯಾಪ್‌ಕಾಮ್‌ನದ್ದೇ ಆದರೂ ಅಮೆರಿಕದ ಕಾಮಿಕ್ಸ್ ಒಂದರ ಪರವಾನಗಿಯಲ್ಲಿ ತಯಾರಾದದ್ದು. ಈ ಸಂಗ್ರಹದಲ್ಲಿ ಅದಕ್ಕೆ ಜಾಗ ಸಿಕ್ಕಿಲ್ಲ. ಅದೊಂದಕ್ಕಾಗಿಯೇ ಕೊಳ್ಳುವವರಿದ್ದರೆ ಇಲ್ಲಿಗೇ ನಿಲ್ಲಿಸಬಹುದು.

ಅಂಗೈ ಯಂತ್ರಗಳಿಗೆ ಈ ಆಟಗಳನ್ನು ಇಳಿಸುವ ಪ್ರಯತ್ನ ಹೊಸದಲ್ಲ. ಅದಕ್ಕೂ ಮೊದಲು, ಟಿವಿಗೆ ಜೋಡಿಸಿ ಆಡುವ ಸೂಪರ್ ನಿಂಟೆಂಡೊ ಕನ್ಸೋಲ್‌ಗೆ ಬಂದ ಫೈನಲ್ ಫೈಟ್‌ನಲ್ಲಿ ಗೈ ಎಂಬ ಪಾತ್ರವೂ, ಕಾರ್ಖಾನೆಯ ಹಂತವೂ, ಇಬ್ಬರು ಒಟ್ಟಿಗೆ ಆಡುವ ಅವಕಾಶವೂ ಕಾಣೆಯಾಗಿದ್ದವು. 2001ರಲ್ಲಿ ಗೇಮ್‌ಬಾಯ್ ಅಡ್ವಾನ್ಸ್‌ಗೆ ಬಂದ ‘ಫೈನಲ್ ಫೈಟ್ ಒನ್’ ಈ ಮೂರನ್ನೂ ಮರಳಿಸಿತು. ಖಳನಾಯಕರ ಎದುರು ನಿಂತಾಗ ಒಂದಷ್ಟು ಹೊಸ ಸಂಭಾಷಣೆಗಳನ್ನೂ ಸೇರಿಸಿತು. ಅದನ್ನು ಗೆಳೆಯನೊಬ್ಬನ ಯಂತ್ರದಲ್ಲಿ ಬಹಳ ಕಾಲ ಆಡಿದ್ದೇನೆ. ಅದರ ಕೊರತೆ ಪರದೆಯದ್ದು. ಆರ್ಕೇಡ್ ಯಂತ್ರದ ಚಿತ್ರ 384x224 ಚುಕ್ಕಿಗಳದ್ದಾದರೆ ಗೇಮ್‌ಬಾಯ್ ಅಡ್ವಾನ್ಸ್‌ನ ಪರದೆ 240x160 ಚುಕ್ಕಿಗಳದ್ದು. ಬೀದಿಯ ಅಂಚಿನಿಂದ ಚಾಕು ಹಿಡಿದು ಬರುವವನು ಕಣ್ಣಿಗೆ ಬೀಳುವ ಹೊತ್ತಿಗೆ ಮೈಮೇಲೆ ಬಂದಿರುತ್ತಾನೆ. ಮೊದಲ ಮಾದರಿಯಲ್ಲಿ ಪರದೆಗೆ ಬೆಳಕೂ ಇಲ್ಲದಿದ್ದುದರಿಂದ ಜುಲೈ ತಿಂಗಳ ಮಧ್ಯಾಹ್ನದಲ್ಲಿ, ಕರೆಂಟು ಹೋಗಿರುವಾಗ, ಕಿಟಕಿಯ ಬಳಿ ಕುಳಿತರೂ ಏನೂ ಕಾಣುತ್ತಿರಲಿಲ್ಲ. ಈಗಿನ ಸಂಗ್ರಹದಲ್ಲಿ ಮೂಲ ಚಿತ್ರವೇ ಪೂರ್ತಿಯಾಗಿ, ಎರಡು ಬದಿಗಳಲ್ಲಿ ಜಾಗ ಉಳಿಸಿ, ನಿಂತಿರುತ್ತದೆ. ಕಣ್ಣಿಗೆ ಕನ್ನಡಕ ಬಂದಿರುವ ನನಗೆ ಇದು ಸಣ್ಣ ಲಾಭವಲ್ಲ.

ಗುಂಡಿಗಳ ವಿಷಯದಲ್ಲಿ ನನಗೆ ಇಷ್ಟು ಸಮಾಧಾನವಿಲ್ಲ. ಈ ಜಾತಿಯ ಆಟದಲ್ಲಿ ಎಡಬಲಕ್ಕಿಂತ ಓರೆ ನಡಿಗೆಯೇ ಮುಖ್ಯ. ಎದುರಾಳಿಯ ಸಾಲಿಗೆ ಬಂದು ನಿಲ್ಲದಿದ್ದರೆ ಹೊಡೆತ ಗಾಳಿಗೆ ಹೋಗುತ್ತದೆ. ಸ್ವಿಚ್‌ನ ಎಡ ಜಾಯ್‌ಕಾನ್‌ನಲ್ಲಿ (ಪರದೆಯ ಬದಿಗೆ ಸಿಕ್ಕಿಸುವ ಹಿಡಿಕೆಯಲ್ಲಿ) ದಿಕ್ಕಿನ ಗುಂಡಿಗಳು ನಾಲ್ಕು ಬಿಡಿ ಬಿಡಿ ಚುಕ್ಕಿಗಳಾಗಿರುವುದರಿಂದ ಓರೆಯಾಗಿ ನಡೆಯುವಾಗ ಹೆಬ್ಬೆರಳು ಎರಡರ ನಡುವಿನ ಕುಳಿಯಲ್ಲಿ ಸಿಕ್ಕಿಬೀಳುತ್ತದೆ, ಆದ್ದರಿಂದ ಒಂದು ತಿಂಗಳೊಳಗೆ ನಾನು ಅದರ ಮೇಲಿನ ಕಡ್ಡಿಗೇ (ಅನಲಾಗ್ ಸ್ಟಿಕ್) ಒಗ್ಗಿಕೊಂಡೆ. ಫೈನಲ್ ಫೈಟ್‌ನ ನಾಯಕರಲ್ಲೊಬ್ಬನಾದ ಹ್ಯಾಗರ್ ಕೈ ಚಾಚಿ ಸುತ್ತುವ ಹೊಡೆತಕ್ಕೆ ಹೊಡೆಯುವ ಗುಂಡಿಯನ್ನೂ ನೆಗೆಯುವ ಗುಂಡಿಯನ್ನೂ ಒಟ್ಟಿಗೆ ಒತ್ತಬೇಕು. ಅಂಗಡಿಯ ಪೆಟ್ಟಿಗೆಯಲ್ಲಿ ಎರಡು ಬೆರಳುಗಳು ಮಾಡುತ್ತಿದ್ದ ಕೆಲಸವನ್ನು ಇಲ್ಲಿ ಒಂದೇ ಹೆಬ್ಬೆರಳನ್ನು ಅಡ್ಡವಾಗಿ ಮಲಗಿಸಿ ಮಾಡುತ್ತೇನೆ. ಮೇ ತಿಂಗಳ ಬೆವರಿನಲ್ಲಿ ಹತ್ತರಲ್ಲಿ ಎರಡು ಸಲವಾದರೂ ಅದು ಬರೀ ನೆಗೆತವಾಗುತ್ತದೆ.

ಇನ್ನು ನಾಣ್ಯದ ಮಾತು. ಇದೇ ಈ ಸಂಗ್ರಹದ ನಿಜವಾದ ತೊಡಕು ಎಂದು ನನ್ನ ಅಭಿಪ್ರಾಯ. ಎರಡನೆಯ ಹಂತದ ಕುಸ್ತಿಕಣದಲ್ಲಿ ಎರಡು ಕತ್ತಿ ಹಿಡಿದು ನುಗ್ಗುವ ಸೋಡಮ್ ಅಷ್ಟು ಕಠಿಣನಾಗಿರುವುದು ಕಿಸೆ ಖಾಲಿ ಮಾಡಿಸಲಿಕ್ಕೆ. ಇಲ್ಲಿಯೋ ಗುಂಡಿ ಒತ್ತಿದಷ್ಟು ಸಲ ನಾಣ್ಯ ಬೀಳುತ್ತದೆ. ಸತ್ತ ಜಾಗದಲ್ಲೇ ಎದ್ದು ನಿಲ್ಲಬಹುದು, ಸೋಡಮ್ ಕಳೆದುಕೊಂಡ ಶಕ್ತಿ ಮಾತ್ರ ಅವನಿಗೆ ಮರಳುವುದಿಲ್ಲ. ಸಾಯುತ್ತಾ ಸಾಯುತ್ತಾ ಯಾರನ್ನು ಬೇಕಾದರೂ ಸವೆಸಿಬಿಡಬಹುದು. ಮೊದಲ ವಾರದಲ್ಲಿ ಏಳೂ ಆಟಗಳನ್ನು ಮುಗಿಸಿ, ಒಂದರ ನೆನಪೂ ಉಳಿಯದೆ, ಯಂತ್ರವನ್ನು ಕಪಾಟಿನಲ್ಲಿಟ್ಟಿದ್ದೆ.

ಅದನ್ನು ಹೊರಗೆ ತಂದವನು ಅಕ್ಕನ ಮಗ. ತುಳುನಾಡಿನ ಮಳೆಗಾಲದ ಆಟಿ ತಿಂಗಳಲ್ಲಿ ಅಮ್ಮ ಅಟ್ಟದಿಂದ ಇಳಿಸಿದ್ದ ಚೆನ್ನೆಮಣೆ (ಅಳಗುಳಿಮಣೆ) ಜಗಲಿಯಲ್ಲಿತ್ತು. ಅದರಿಂದ ಆರು ಕಾಯಿ ಎತ್ತಿ, ತನಗೆ ಮೂರು ನನಗೆ ಮೂರು ಎಂದು ಹಂಚಿ, ಒಮ್ಮೆ ಸತ್ತು ಮುಂದುವರಿದರೆ ಒಂದು ಕಾಯಿ ಮಣೆಗೆ ಹಿಂದಿರುಗಬೇಕೆಂದು ನಿಯಮ ಮಾಡಿದ. ಜಾಯ್‌ಕಾನ್‌ಗಳನ್ನು ಕಳಚಿ ಅಡ್ಡ ಹಿಡಿದರೆ ಒಂದೇ ಯಂತ್ರದಲ್ಲಿ ಇಬ್ಬರು ಆಡಬಹುದು, ನನ್ನ ಬೆರಳುಗಳಿಗೆ ಅವು ತೀರಾ ಪುಟ್ಟವಾದರೂ. ಅಂದಿನಿಂದ ಆಟದ ಸ್ವರೂಪವೇ ಬದಲಾಯಿತು. ಪೀಪಾಯಿ ಒಡೆದಾಗ ಬೀಳುವ ಹುರಿದ ಕೋಳಿಯನ್ನು ಯಾರು ತಿನ್ನಬೇಕೆಂದು ಚರ್ಚೆಯಾಗತೊಡಗಿತು. ನನ್ನ ಹೊಡೆತ ಅವನಿಗೇ ತಗಲಿದಾಗ “ಮಾವ, ನಿಮ್ಮಿಂದ ಸತ್ತದ್ದು, ಕಾಯಿ ನೀವೇ ಹಾಕಿ” ಎಂಬ ವಾದ ಹುಟ್ಟಿಕೊಂಡಿತು.

ಒಬ್ಬನೇ ಆಡುವುದು ಬಸ್ಸಿನಲ್ಲಿ. ಉಡುಪಿಯಿಂದ ಮಂಗಳೂರಿನ ಲಾಲ್‌ಬಾಗಿಗೆ ಹೋಗುವ ಎಕ್ಸ್‌ಪ್ರೆಸ್ ಬಸ್ಸಿನಲ್ಲಿ ಸೀಟು ಸಿಕ್ಕಿದ ದಿನ ಆರು ಹಂತಗಳ ಪೂರ್ತಿ ಆಟಕ್ಕೆ ಸಮಯ ಸರಿಯಾಗಿ ಸಾಲುತ್ತದೆ: ಕಟಪಾಡಿಯಲ್ಲಿ ಇನ್ನೂ ಕೊಳೆಗೇರಿಯ ಹಂತ, ಎಲ್ಲವೂ ಸಾಂಗವಾಗಿ ನಡೆದರೆ ಪಣಂಬೂರಿನ ಬಂದರು ದಾಟುವಾಗ ಪರದೆಯ ಮೇಲೂ ಬೇ ಏರಿಯಾ ಎಂಬ ಕಡಲತೀರದ ಹಂತ. ಬ್ಯಾಟರಿ ಹೋಗಿ ಬರುವ ದಾರಿಗೆ ಧಾರಾಳವಾಗಿ ಸಾಕು.

ಹಾಳಾದದ್ದು ಒಂದೇ, ಅದೂ ನಮ್ಮ ತಪ್ಪಿನಿಂದ. ಹುಡುಗ ಮಲ್ಪೆಯ ದಂಡೆಗೆ ಕೊಂಡೊಯ್ದಿದ್ದಾಗ ಎಡಗಡ್ಡಿಯ ಬುಡಕ್ಕೆ ಮರಳು ಹೊಕ್ಕು, ಕೈ ಬಿಟ್ಟರೂ ಹ್ಯಾಗರ್ ತನ್ನಷ್ಟಕ್ಕೆ ಎಡಕ್ಕೆ ನಡೆಯತೊಡಗಿದ. ಮೊಬೈಲ್ ರಿಪೇರಿಯವರೊಬ್ಬರು ಕಡ್ಡಿಯನ್ನೇ ಬದಲಿಸಿಕೊಟ್ಟರು. ಈಗ ಮಳೆಗಾಲವಿಡೀ ಯಂತ್ರ ಸಿಲಿಕಾ ಜೆಲ್ ಪೊಟ್ಟಣಗಳೊಂದಿಗೆ ಬಿಗಿ ಮುಚ್ಚಳದ ಡಬ್ಬಿಯಲ್ಲಿರುತ್ತದೆ, ಪಕ್ಕದಲ್ಲಿ ಆರು ಚೆನ್ನೆಕಾಯಿಗಳು. ಕಳೆದ ಆಟಿಯಲ್ಲಿ ಆರನೆಯ ಹಂತದವರೆಗೆ ಹೋಗಿದ್ದೆವು. ಕೊನೆಯ ಕಾಯಿ ನನ್ನದಾಗಿತ್ತು, ಕೊನೆಯ ಖಳನಾಯಕ ಬೆಲ್ಜರ್‌ನ ಕೊಠಡಿಯ ಹೊರಗೆ ಅದೂ ಮಣೆ ಸೇರಿತು.