ಬ್ರಷ್ ಕಂಡರೆ ಓಡುವ ಪರ್ಷಿಯನ್ ಬೆಕ್ಕು: ಗ್ಲೋವ್, ಸ್ಲಿಕರ್ ಬ್ರಷ್, ಬಾಚಣಿಗೆ, ಯಾವುದು ಕೊಳ್ಳಬೇಕು?

ಪರ್ಷಿಯನ್ ಬೆಕ್ಕಿಗೆ ಎರಡು ಪದರ ಕೂದಲು. ಸಿಕ್ಕು ಹೆಚ್ಚಾಗಿ ಗಟ್ಟಿಯಾಗುವುದು ಹತ್ತಿಯಂಥ ಒಳಪದರದಲ್ಲಿ. ಹಾಗಾಗಿ ಬುಡ ಮುಟ್ಟುವ ಸಾಧನವೇ ಬೇಕು.

ರಬ್ಬರ್ ಗ್ಲೋವ್ ಹಾಕಿ ಸವರಿದರೆ ಎಷ್ಟೋ ಬೆಕ್ಕುಗಳು ತಕರಾರು ಮಾಡುವುದಿಲ್ಲ. ಆದರೆ ಬರುವುದು ಮೇಲಿನ ಉದುರುಕೂದಲು ಮಾತ್ರ. ರೂಢಿ ಮಾಡಿಸಲು ಒಳ್ಳೆಯದು, ಅದೊಂದನ್ನೇ ನೆಚ್ಚಿಕೊಳ್ಳಬೇಡಿ.

ಸ್ಲಿಕರ್ ಬ್ರಷ್ ಬೇಗ ಕೆಲಸ ಮುಗಿಸುತ್ತದೆ, ನಿಜ. ಕೈ ಸ್ವಲ್ಪ ಬಿಗಿಯಾದರೂ ಅದರ ಸಣ್ಣ ತಂತಿಗಳು ಚರ್ಮ ಗೀರುತ್ತವೆ. ಮೊದಲೇ ಬ್ರಷ್‌ಗೆ ಹೆದರುವ ಬೆಕ್ಕಿಗೆ ಇದು ಬೇಡವೇ ಬೇಡ.

ನನ್ನ ಓಟು ಅಗಲ ಹಲ್ಲಿನ ಸ್ಟೀಲ್ ಬಾಚಣಿಗೆಗೆ. ನಿಧಾನ, ಆದರೆ ಬುಡದವರೆಗೂ ಇಳಿಯುತ್ತದೆ. ಬೆಕ್ಕಿಗೆ ಹಿತವೆನಿಸುವ ಕೆನ್ನೆ, ಗದ್ದದಿಂದ ಶುರು ಮಾಡಿ. ಕಂಕುಳು, ಹೊಟ್ಟೆ, ತೊಡೆಸಂದಿ ಕೊನೆಗಿರಲಿ. ಸಿಕ್ಕು ಸಿಕ್ಕಿದರೆ ಕೂದಲಿನ ಬುಡವನ್ನು ಎರಡು ಬೆರಳಲ್ಲಿ ಹಿಡಿದುಕೊಂಡು ತುದಿಯಿಂದ ಬಿಡಿಸುತ್ತಾ ಬನ್ನಿ, ಆಗ ಎಳೆತ ಚರ್ಮಕ್ಕೆ ತಾಗುವುದಿಲ್ಲ. ಶುರುವಿನಲ್ಲಿ ದಿನಕ್ಕೆ 2-3 ನಿಮಿಷ ಸಾಕು. ಬಾಲ ಪಟಪಟ ಬಡಿಯಿತೋ, ಕಿವಿ ಹಿಂದಕ್ಕೆ ಮಡಿಸಿತೋ, ಅಲ್ಲಿಗೇ ಬಿಟ್ಟು ಒಂದು ಚೂರು ಬೇಯಿಸಿದ ಕೋಳಿ ಕೊಡಿ. ಅದುಮಿ ಹಿಡಿದು ಬಾಚಿದರೆ ನಾಳೆ ಕೈಗೇ ಸಿಗುವುದಿಲ್ಲ.

ಗಂಟು ಚರ್ಮಕ್ಕೇ ಅಂಟಿದ್ದರೆ ಕತ್ತರಿ ಮುಟ್ಟಬೇಡಿ. ಬೆಕ್ಕಿನ ಚರ್ಮ ತೆಳು, ಗಂಟಿನ ಜೊತೆ ಮೇಲೆದ್ದು ಕತ್ತರಿಗೆ ಸಿಕ್ಕಿಬಿಡುತ್ತದೆ. ಪಶುವೈದ್ಯರ ಬಳಿ ಮೆಷಿನ್‌ನಲ್ಲಿ ತೆಗೆಸಿ. ಕೂದಲು ಮತ್ತೆ ಉದ್ದ ಬೆಳೆಯಲು ತಿಂಗಳುಗಳೇ ಹಿಡಿಯುತ್ತವೆ, ಅಷ್ಟರಲ್ಲಿ ಬಾಚಣಿಗೆಯ ರೂಢಿ ಮಾಡಿಸಬಹುದು.