ಗೋಡೆ ಬೆವರುವ ಊರಿಗೆ ಯಾವ ಲೆಕ್ಕ? ಮೂರು ದಾರಿಗಳ ಹೋಲಿಕೆ

ಬಯಲುಸೀಮೆಯಲ್ಲಿ ಮನೆ ಕಟ್ಟುವವರ ತಲೆನೋವು ಸೆಖೆ. ಮಡಿಕೇರಿಯಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ತಲೆನೋವು ತೇವ: ಬೀರುವಿನ ಹಿಂದೆ ಬೂಷ್ಟು, ಅದಕ್ಕೆ ಹೀಟರ್, ಹೀಟರಿಗೆ ಕರೆಂಟ್ ಬಿಲ್ಲು. ಕಟ್ಟುವ ಮೊದಲೇ ಇದನ್ನು ಹಿಡಿಯಲು ಮೂರು ದಾರಿ ಹಾಕಿ ನೋಡಿದೆವು.

ಮೊದಲನೆಯದು, ಮನೆಗಳ ಇಂಧನ ಉಳಿತಾಯಕ್ಕೆ ಕೇಂದ್ರ ಸರ್ಕಾರ ತಂದ ಇಕೋ ನಿವಾಸ್ ಸಂಹಿತೆ 2018ರ ಆರ್‌ಇಟಿವಿ ಲೆಕ್ಕ, ಅಂದರೆ ಗೋಡೆ-ಕಿಟಕಿಗಳಿಂದ ಒಳಬರುವ ಶಾಖದ ಲೆಕ್ಕ. ಅರ್ಧ ದಿನದ ಕೆಲಸ. ಗೋಡೆ, ಗಾಜು, ಸಜ್ಜೆಯ ಅಳತೆ ತುಂಬಿ. ಉತ್ತರ ಚದರ ಮೀಟರಿಗೆ 15 ವ್ಯಾಟ್ ದಾಟದಿದ್ದರೆ ಪಾಸು. ಚಾವಣಿಗೆ ಬೇರೆ ಮಿತಿ, ಯು-ಮೌಲ್ಯ (ಶಾಖ ಎಷ್ಟು ಸಲೀಸಾಗಿ ದಾಟುತ್ತದೆಂಬ ಅಳತೆ, ಕಡಿಮೆಯಿದ್ದಷ್ಟೂ ಒಳ್ಳೆಯದು) 1.2. ಬರೀ ತಗಡಿನ ಶೀಟು 6ರ ಹತ್ತಿರ. ಕೆಳಗೆ 50 ಮಿ.ಮೀ. ಗ್ಲಾಸ್‌ವೂಲ್ ಹಾಸಿದರೆ 0.7. ಸ್ಕ್ರೂ ತೂತಿನಿಂದ ನೀರಿಳಿದು ವೂಲ್ ನೆನೆದರೆ ಆ 0.7 ಕಾಗದದಲ್ಲೇ ಉಳಿಯುತ್ತದೆ. ತೇವದ ಸುದ್ದಿಗೇ ಈ ಲೆಕ್ಕ ಹೋಗುವುದಿಲ್ಲ.

ಎರಡನೆಯದು ಸಿಮ್ಯುಲೇಶನ್, ಅಂದರೆ ಮನೆಯ ಮಾದರಿಯನ್ನು ಕಂಪ್ಯೂಟರಿನಲ್ಲಿ ಓಡಿಸಿ ನೋಡುವುದು. ಅದಕ್ಕಿರುವ ಎನರ್ಜಿಪ್ಲಸ್ ತಂತ್ರಾಂಶ ಉಚಿತ, ಗಂಟೆಗಂಟೆಯ ಉಷ್ಣಾಂಶ ಕೊಡುತ್ತದೆ. ಎಡವುವುದು ಅದಕ್ಕೆ ಊಡಿಸುವ ಊರಿನ ಹವಾಮಾನ ಕಡತದಲ್ಲಿ. ಮಂಗಳೂರಿನದು ಹಾಕಿದರೆ ಸಮುದ್ರಮಟ್ಟದ ಸೆಖೆ. ಸುಮಾರು 1,150 ಮೀಟರ್ ಎತ್ತರದ ಮಡಿಕೇರಿ ಅದಕ್ಕಿಂತ ಅಂದಾಜು 7 ಡಿಗ್ರಿ ತಂಪು. ಬೆಂಗಳೂರಿನದು ಹಾಕಿದರೆ ಮಳೆಗಾಲವೇ ಮಾಯ. ಮಾಮೂಲಿ ಸೆಟ್ಟಿಂಗ್ ಗೋಡೆ ಹೀರುವ ತೇವವನ್ನು ಲೆಕ್ಕಿಸದು. ಲೆಕ್ಕಿಸುವ ಆಯ್ಕೆಯಿದೆ, ಆದರೆ ನಮ್ಮ ಮಣ್ಣಿನ ಇಟ್ಟಿಗೆ ಎಷ್ಟು ತೇವ ಹೀರುತ್ತದೆಂಬ ಅಂಕಿ ತರುವುದೆಲ್ಲಿಂದ?

ನಮ್ಮ ಓಟು ಮೂರನೆಯದಕ್ಕೆ: ಪಕ್ಕದ ಹಳೇ ಮನೆಯಲ್ಲೋ ತೋಟದ ಕಾರ್ಮಿಕರ ಲೈನ್ ಮನೆಯಲ್ಲೋ ಸೆನ್ಸರ್. ದಾಖಲೆ ಬರೆಯಲು ಒಂದು ಇಎಸ್‌ಪಿ32 ಪುಟ್ಟ ಕಂಪ್ಯೂಟರ್ ಬೋರ್ಡು, ಗಾಳಿಯ ಉಷ್ಣಾಂಶ-ಆರ್ದ್ರತೆಗೆ ಎಸ್‌ಎಚ್‌ಟಿ31 ಸೆನ್ಸರ್, ಗೋಡೆಗೆ ಅಂಟಿಸಲು ಡಿಎಸ್18ಬಿ20 ಉಷ್ಣಾಂಶ ಸೆನ್ಸರ್, ಅದಕ್ಕೊಂದು 4.7 ಕಿಲೋಓಮ್ ರೆಸಿಸ್ಟರ್. ಅಂಟಿಸುವ ಜಾಗ ನೈಋತ್ಯ ಗೋಡೆಯ ಒಳಮೈ, ಬೀರುವಿನ ಹಿಂದೆ. 15 ನಿಮಿಷಕ್ಕೊಂದು ದಾಖಲೆ ಸಾಕು. ಕೋಣೆಯಲ್ಲಿ 20 ಡಿಗ್ರಿ, ಆರ್ದ್ರತೆ 90% ಇದ್ದರೆ ಇಬ್ಬನಿ ಬಿಂದು (ಗಾಳಿಯ ತೇವ ನೀರಾಗತೊಡಗುವ ಉಷ್ಣಾಂಶ) 18.3 ಡಿಗ್ರಿ, ಗೋಡೆ ಅದಕ್ಕಿಂತ ತಣ್ಣಗಾದರೆ ಬೆವರುತ್ತದೆ. ಗೋಡೆಯ ಉಷ್ಣಾಂಶ ಇಬ್ಬನಿ ಬಿಂದುವಿಗೆ ಇಳಿಯುವ ಗಂಟೆಗಳನ್ನು ಎಣಿಸಿದರೆ ಗಾಳಿಕಿಂಡಿ ಎಲ್ಲಿ ಬೇಕು, ಯಾವ ಗೋಡೆಗೆ ಇನ್ಸುಲೇಶನ್ ಬೇಕು ಎಂದು ತಿಳಿಯುತ್ತದೆ.

ಕೈಕೊಡುವುದೂ ಉಂಟು. ಬೋರ್ಡಿನ ಬಿಸಿ ತಗುಲಿದರೆ ಆರ್ದ್ರತೆ ಕಡಿಮೆ ತೋರುತ್ತದೆ. ಎಸ್‌ಎಚ್‌ಟಿ31ನ್ನು ಒಂದಡಿ ದೂರವಿಡಿ, ಆದರೆ ವೈರು ಮೀಟರ್ ದಾಟದಿರಲಿ. ಮಳೆಗಾಲದಲ್ಲಿ ವೈಫೈ ನಂಬಬೇಡಿ, ಎಸ್‌ಡಿ ಕಾರ್ಡ್ ಹಾಕಿ. ಕರೆಂಟ್ ಹೋಗಿ ಬಂದಾಗ ಬೋರ್ಡು ಗಡಿಯಾರ ಮರೆಯುತ್ತದೆ. ಬ್ಯಾಟರಿಯಿರುವ ಡಿಎಸ್3231 ಗಡಿಯಾರದ ಚಿಪ್ ಸೇರಿಸದಿದ್ದರೆ ಯಾವ ದಾಖಲೆ ಯಾವ ದಿನದ್ದೋ ದೇವರೇ ಬಲ್ಲ.

ಸಿಮ್ಯುಲೇಶನ್ ಬಿಡಬೇಕಿಲ್ಲ, ಈ ದಾಖಲೆಗೆ ಮಾದರಿಯನ್ನು ಹೊಂದಿಸಿದ ಮೇಲೆಯೇ ಅದರ ಉತ್ತರಕ್ಕೆ ಬೆಲೆ. ಸೆನ್ಸರ್ ಮಾತ್ರ ಮೇ ಮುಗಿಯುವುದರೊಳಗೆ ಗೋಡೆ ಮೇಲಿರಬೇಕು, ತಪ್ಪಿದರೆ ಮುಂದಿನ ಮುಂಗಾರಿನವರೆಗೆ ಕಾಯಿರಿ.